ಮೂವತ್ತು ಪರ್ಸೆಂಟಿನಲ್ಲಿ ನಿಂತ ಮದುಮಗ

ಎದುರಿಗೆ ನಿಂತವರಿಗೆ ‘ಆಗುವುದಿಲ್ಲ’ ಎಂದು ಹೇಳುವ ಶಕ್ತಿ ನನಗಿಲ್ಲ. ‘ಆಗಲಿ’ ಎಂದು ಹೇಳಿ ಮಾಡಿ ಮುಗಿಸುವ ಶಕ್ತಿಯೂ ಇಲ್ಲ. ಇವೆರಡರ ನಡುವೆ ‘ಆಮೇಲೆ ನೋಡುವ’ ಎಂಬ ಒಂದು ತಂಪಾದ ಜಾಗ ಇದೆ. ಅರವತ್ತೆರಡು ವರ್ಷಗಳಿಂದ ನಾನು ಹೆಚ್ಚಾಗಿ ಅಲ್ಲಿಯೇ ವಾಸ. ಉರ್ವ ಎಂಬ ವಿಳಾಸ ಕಾಗದಪತ್ರ ತಲುಪಲಿಕ್ಕೆ ಮಾತ್ರ. ನಾನು ಕಾಲೇಜಿನ ಆಫೀಸಿನಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದಾಗ ಒಬ್ಬೊಬ್ಬ ಪ್ರಿನ್ಸಿಪಾಲರು ಒಂದೊಂದು ಹೊಸ ಪದ್ಧತಿ ಹಿಡಿದುಕೊಂಡು ಬರುತ್ತಿದ್ದರು. ನಾನು ಫೈಲನ್ನು ವಿನಯದಿಂದ ತೆಗೆದುಕೊಂಡು ಮೇಜಿನ ಎಡಭಾಗದಲ್ಲಿ ಇಡುತ್ತಿದ್ದೆ. ಎಡಭಾಗಕ್ಕೆ ಹೋದ ಫೈಲು ಬಲಭಾಗಕ್ಕೆ ಬರುವಷ್ಟರಲ್ಲಿ ಆ ಪ್ರಿನ್ಸಿಪಾಲರು ನಿವೃತ್ತರಾಗಿರುತ್ತಿದ್ದರು. ಬೀಳ್ಕೊಡುಗೆಯ ದಿನ ‘ಸುಧಾಕರಣ್ಣನ ಹಾಗೆ ತಾಳ್ಮೆಯ ಮನುಷ್ಯ ಇನ್ನೊಬ್ಬರಿಲ್ಲ’ ಎಂದು ಎಲ್ಲರೂ ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ನನ್ನ ಈ ಗುಣವನ್ನು ಮೊದಲ ನೋಟಕ್ಕೇ ಗುರುತಿಸಿದ್ದು ನಮ್ಮ ಮನೆಯ ಕಂಪ್ಯೂಟರ್. ನಿವೃತ್ತಿಯಾದ ವರ್ಷ, ಹಳೆಯ ಫೋಟೋಗಳನ್ನೆಲ್ಲ ಅದರೊಳಗೆ ಸೇರಿಸಿ ವಂಶವೃಕ್ಷ ತಯಾರಿಸುತ್ತೇನೆ ಎಂದು ಹೇಳಿ ದೊಡ್ಡ ಸ್ಕ್ರೀನಿನದೇ ತಂದಿದ್ದೆ. ವಂಶವೃಕ್ಷ ಅಜ್ಜನವರೆಗೆ ಬಂದು ನಿಂತಿದೆ. ದಿನಾ ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಮೂಲೆಯಲ್ಲಿ ಒಂದು ಸಣ್ಣ ಚೌಕ ಏಳುತ್ತದೆ. ‘ನಿಮ್ಮ ಸಾಧನಕ್ಕೆ ಮುಖ್ಯವಾದ ಅಪ್‌ಡೇಟ್ ಬಂದಿದೆ, ಈಗಲೇ ಹಾಕಲೋ, ಆಮೇಲೆ ನೆನಪಿಸಲೋ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಇಷ್ಟು ಮರ್ಯಾದೆಯಿಂದ, ನನಗೆ ಬೇಕಾದ ಉತ್ತರವನ್ನೂ ಪಕ್ಕದಲ್ಲೇ ಬರೆದಿಟ್ಟು, ನನ್ನನ್ನು ಯಾರೂ ಏನನ್ನೂ ಕೇಳಿದ್ದಿಲ್ಲ. ನಾನು ‘ಆಮೇಲೆ’ಯನ್ನು ಒತ್ತುತ್ತಿದ್ದೆ. ಅದು ಸಿಟ್ಟು ಮಾಡಿಕೊಳ್ಳದೆ ಹೋಗುತ್ತಿತ್ತು, ಮರುದಿನ ಬರುತ್ತಿತ್ತು. ಹೀಗೆ ನಾಲ್ಕೈದು ತಿಂಗಳು ನಾವಿಬ್ಬರೂ ಚೆನ್ನಾಗಿದ್ದೆವು.

ಅಪ್‌ಡೇಟಿನ ಮೇಲೆ ನನಗೆ ಭಯ ಹುಟ್ಟಲು ಕಾರಣ ಇಲ್ಲದಿಲ್ಲ. ಮೊದಲೊಮ್ಮೆ ‘ಈಗಲೇ’ ಒತ್ತಿದ್ದೆ. ಅದೆಲ್ಲ ಮುಗಿದ ಮೇಲೆ ಕಂಪ್ಯೂಟರ್ ಕೀಲಿಮಣೆಯನ್ನು ತನ್ನಷ್ಟಕ್ಕೇ ಕನ್ನಡಕ್ಕೆ ತಿರುಗಿಸಿಬಿಟ್ಟಿತ್ತು. ನನ್ನ ಪಾಸ್‌ವರ್ಡ್ ಇಂಗ್ಲಿಷಿನದು. ಪಾಸ್‌ವರ್ಡ್ ಬರೆಯುವಾಗ ಬರೀ ಚುಕ್ಕೆಗಳು ಕಾಣುತ್ತವಲ್ಲ, ಚುಕ್ಕೆಗೆ ಯಾವ ಭಾಷೆ? ಮೂರು ದಿನ ನನ್ನ ಮನೆಯ ಕಂಪ್ಯೂಟರಿನ ಹೊರಗೆ ನಾನು ನಿಂತಿದ್ದೆ. ಎರಡನೆಯ ಅಪ್‌ಡೇಟ್ ಆದ ಮೇಲೆ ಪ್ರಿಂಟರ್ ಮತ್ತು ಕಂಪ್ಯೂಟರ್ ಮಾತು ಬಿಟ್ಟವು. ಒಂದೇ ಮೇಜಿನ ಮೇಲೆ, ಒಂದೇ ತಂತಿಯಲ್ಲಿ ಸೇರಿಕೊಂಡೇ ಇವೆ. ಆದರೆ ಅದಕ್ಕೆ ಇದರ ಪರಿಚಯ ಇಲ್ಲ. ಪಾಲಾದ ಮನೆಯ ಅಣ್ಣತಮ್ಮಂದಿರ ಹಾಗೆ. ಆಮೇಲೆ ಸ್ಕ್ರೀನಿನ ಮೇಲೆ ‘ಎಲ್ಲವೂ ನೀವು ಬಿಟ್ಟಲ್ಲಿಯೇ ಇದೆ’ ಎಂಬ ಒಕ್ಕಣೆ ಬಂತು. ಯಾವುದೂ ಬಿಟ್ಟಲ್ಲಿ ಇರಲಿಲ್ಲ. ಇದನ್ನು ನನ್ನ ಹೆಂಡತಿ ಸುಮತಿಗೆ ತೋರಿಸಿ ದೂರು ಹೇಳಿದೆ. ಅವಳು ಮುಖ ನೋಡದೆ, “ಒಮ್ಮೆ ನನಗೆ ಹುಷಾರಿಲ್ಲದಾಗ ನೀವು ಅಡುಗೆಮನೆಯ ಡಬ್ಬಗಳನ್ನು ಜೋಡಿಸಿದ್ದು ನೆನಪುಂಟಲ್ಲ? ಹಾಗೆಯೇ,” ಎಂದಳು.

ವಿಷಯಕ್ಕೆ ಬರುತ್ತೇನೆ. ಬಿಜೈಯಲ್ಲಿರುವ ನನ್ನ ಅಕ್ಕನ ಮಗಳು ರಕ್ಷಿತಾ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ದಿನಕ್ಕೆ ಎಷ್ಟೋ ಜನರಿಗೆ ಸೂಜಿ ಚುಚ್ಚಿ ಅಭ್ಯಾಸವಾದ್ದರಿಂದ ಮಾತೂ ಹಾಗೆಯೇ, ಚುಟುಕು. ಅವಳಿಗೆ ಪಡೀಲಿನಿಂದ ಒಂದು ಸಂಬಂಧ ಬಂತು. ಹುಡುಗ ನಿತಿನ್, ಗಲ್ಫಿನ ಒಂದು ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಊರಿಗೆ ಬರುವುದು ಇನ್ನೂ ಆರು ತಿಂಗಳ ಮೇಲೆ. ಅಷ್ಟರವರೆಗೆ ಕಾಯುವುದು ಬೇಡ, ಹುಡುಗ ಹುಡುಗಿ ವಿಡಿಯೋದಲ್ಲಿ ಒಮ್ಮೆ ನೋಡಿಕೊಳ್ಳಲಿ, ಆಮೇಲೆ ಮುಂದಿನ ಮಾತು ಎಂದು ಎರಡೂ ಕಡೆಯವರು ಒಪ್ಪಿದರು. ಆ ದೇಶದಲ್ಲಿ ಫೋನಿನ ಸಾಮಾನ್ಯ ವಿಡಿಯೋ ಕಾಲ್ ನಡೆಯುವುದಿಲ್ಲವಂತೆ. ಆಫೀಸಿನವರು ಮೀಟಿಂಗ್ ಮಾಡುವ ಒಂದು ಲಿಂಕನ್ನು ಹುಡುಗ ಕಳಿಸುತ್ತಾನೆ, ಅದರಲ್ಲಿ ಸೇರಿಕೊಳ್ಳಬೇಕು ಎಂದಾಯಿತು. ‘ಮೀಟಿಂಗ್’ ಎಂಬ ಶಬ್ದ ಕೇಳಿದ್ದೇ ತಡ, ಇದು ಕಂಪ್ಯೂಟರಿನ ಕೆಲಸ ಎಂದು ನಾನು ತೀರ್ಮಾನಿಸಿದೆ. ನಮ್ಮ ಕಡೆ ಸೋದರಸೊಸೆಯ ಮದುವೆಯಲ್ಲಿ ಸೋದರಮಾವನ ಸ್ಥಾನ ಸಣ್ಣದಲ್ಲ. ಉಳಿದ ಯಾವ ವಿಷಯದಲ್ಲೂ ನನ್ನನ್ನು ಯಾರೂ ಕೇಳದ ಕಾರಣ, ಈ ಒಂದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

“ನಮ್ಮ ಮನೆಯಲ್ಲೇ ಆಗಲಿ. ದೊಡ್ಡ ಸ್ಕ್ರೀನ್ ಉಂಟು. ಎಲ್ಲರೂ ಕೂತು ನೋಡಬಹುದು,” ಎಂದೆ.

“ಎಲ್ಲರೂ ಕೂತು ಎಂತ ನೋಡ್ಲಿಕ್ಕೆ ಮಾಮ?” ಎಂದಳು ರಕ್ಷಿತಾ.

ಅವಳ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಹುಡುಗನ ಅಜ್ಜಿಗೆ ಕಣ್ಣು ಮಂಜು, ಮೊಮ್ಮಗನನ್ನು ನೋಡದೆ ಎರಡು ವರ್ಷ ದಾಟಿದೆ, ದೊಡ್ಡ ಸ್ಕ್ರೀನ್ ಆದರೆ ಅವರೂ ಬರುತ್ತಾರಂತೆ ಎಂದು ಪಡೀಲಿನಿಂದ ಸುದ್ದಿ ಬಂತು. ನನ್ನ ಸ್ಕ್ರೀನಿನ ತೂಕ ಇನ್ನೂ ಹೆಚ್ಚಿತು.

ಭಾನುವಾರ ನಮಗೆ ರಜೆ, ಹುಡುಗನಿಗೆ ಕೆಲಸದ ದಿನ. ಅವನ ಊಟದ ಬಿಡುವು ನಮ್ಮ ಗಂಟೆಯಲ್ಲಿ ಮೂರೂವರೆಯಿಂದ ನಾಲ್ಕರವರೆಗೆ. ಆ ಅರ್ಧ ಗಂಟೆಯಲ್ಲೇ ಎಲ್ಲ ಆಗಬೇಕು. ಶನಿವಾರವೇ ಹಾಲ್‌ನಲ್ಲಿ ಮೇಜು ಗೋಡೆಗೆ ತಾಗಿಸಿ, ಎದುರಿಗೆ ಎರಡು ಸಾಲು ಕುರ್ಚಿ ಹಾಕಿದೆ. ಒಂದು ಹಾಳೆಯಲ್ಲಿ ಹುಡುಗನಿಗೆ ಕೇಳಬೇಕಾದ ಹನ್ನೊಂದು ಪ್ರಶ್ನೆಗಳನ್ನು ಕ್ರಮವಾಗಿ ಬರೆದೆ. ಕಂಪ್ಯೂಟರಿನ ಕ್ಯಾಮೆರಾ, ಮೈಕು ಎಲ್ಲ ಪರೀಕ್ಷಿಸಿದೆ. ಒಂದೂ ತಪ್ಪಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಭಾನುವಾರ ಮೂರೂ ಹತ್ತಕ್ಕೆ, ಒಮ್ಮೆ ರೀಸ್ಟಾರ್ಟ್ ಮಾಡಿದರೆ ಮುಖ ತೊಳೆದ ಹಾಗೆ ಲವಲವಿಕೆಯಿಂದ ಇರುತ್ತದೆ ಎಂಬ ಬುದ್ಧಿ ಬಂತು. ಯಾರೂ ಹೇಳಿದ್ದಲ್ಲ, ನನ್ನದೇ. ಒತ್ತಿದೆ. ಸ್ಕ್ರೀನ್ ಪೂರ್ತಿ ನೀಲಿಯಾಯಿತು. ನಡುವೆ ಬಿಳಿ ಚುಕ್ಕೆಗಳು ಸುತ್ತತೊಡಗಿದವು. ಕೆಳಗೆ: ಅಪ್‌ಡೇಟ್ ನಡೆಯುತ್ತಿದೆ, ಸೊನ್ನೆ ಪರ್ಸೆಂಟ್, ಕಂಪ್ಯೂಟರನ್ನು ಆಫ್ ಮಾಡಬೇಡಿ.

ನಾಲ್ಕೈದು ತಿಂಗಳ ‘ಆಮೇಲೆ’ಗಳೆಲ್ಲ ಒಟ್ಟಿಗೆ ಬಂದು ಹಾಲ್‌ನಲ್ಲಿ ಕುಳಿತಿದ್ದವು. ಅಷ್ಟರಲ್ಲಿ ಗೇಟಿನ ಹತ್ತಿರ ರಿಕ್ಷಾ ನಿಂತ ಶಬ್ದ ಕೇಳಿಸಿತು.

ಹುಡುಗನ ತಂದೆ ವಾಸಣ್ಣ, ತಾಯಿ ಲೀಲಕ್ಕ, ಮತ್ತು ಅಜ್ಜಿ. ಅಕ್ಕನ ಮನೆಯವರು ಮೊದಲೇ ಬಂದಿದ್ದರು, ರಕ್ಷಿತಾ ಒಳಗೆ ಅಡುಗೆಮನೆಯಲ್ಲಿದ್ದಳು. ವಾಸಣ್ಣ ಸಿಟಿ ಬಸ್ಸಿನ ಡ್ರೈವರಾಗಿದ್ದವರು. ನೀರು ಕುಡಿದು, ಕುಶಲ ವಿಚಾರಿಸಿ, ಎಲ್ಲರೂ ಕುರ್ಚಿಗಳಲ್ಲಿ ಕುಳಿತರು. ಕುರ್ಚಿಗಳೆಲ್ಲ ಸ್ಕ್ರೀನಿಗೆ ಮುಖ ಮಾಡಿದ್ದರಿಂದ ಬೇರೆ ಕಡೆ ನೋಡಲು ಯಾರಿಗೂ ಅನುಕೂಲ ಇರಲಿಲ್ಲ. ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ.

“ಇದು ಎಂತ ಸುಧಾಕರಣ್ಣ, ನೀಲಿ?” ಎಂದರು ವಾಸಣ್ಣ.

“ಸ್ವಲ್ಪ ಅಪ್‌ಡೇಟ್. ಈಗ ಆಗ್ತದೆ,” ಎಂದೆ.

“ಹನ್ನೆರಡು ಪರ್ಸೆಂಟ್ ಆಗಿದೆ ನೋಡಿ.”

“ಬೇಗ ಹೋಗ್ತಾ ಉಂಟು,” ಎಂದೆ.

ಮೂವತ್ತರವರೆಗೆ ಬೇಗ ಹೋಯಿತು. ಮೂವತ್ತರಲ್ಲಿ ನಿಂತಿತು. ಮೂರೂವರೆ ಆಯಿತು. ಗಲ್ಫಿನಲ್ಲಿ ಒಬ್ಬ ಹುಡುಗ ಬುತ್ತಿ ಬದಿಗಿಟ್ಟು ನಮಗಾಗಿ ಕಾಯುತ್ತಿದ್ದಾನೆ. ಇಲ್ಲಿ ಐದು ಜನ ಹಿರಿಯರು ಮತ್ತು ಒಬ್ಬ ಅಜ್ಜಿ ಮೂವತ್ತು ಎಂಬ ಸಂಖ್ಯೆಯನ್ನು ನೋಡುತ್ತ ಕುಳಿತಿದ್ದೇವೆ. ಅಕ್ಕನ ಗಂಡ, ನನ್ನ ಬಾವ, ಸ್ವಭಾವತಃ ಅವಸರದ ಮನುಷ್ಯ. “ಪ್ಲಗ್ ಒಮ್ಮೆ ತೆಗೆದು ಹಾಕುವನಾ?” ಎಂದು ಎದ್ದೇಬಿಟ್ಟರು. ನಾನು ಪ್ಲಗ್ಗಿಗೆ ಅಡ್ಡ ನಿಂತೆ.

“ಆಫ್ ಮಾಡಬೇಡಿ ಅಂತ ಬರೆದುಂಟು ಬಾವ.”

“ಎಂತ ಬರೆದದ್ದು?” ಅಜ್ಜಿ ಕೇಳಿದರು.

“ಆಫ್ ಮಾಡಬೇಡಿ ಅಂತ, ಅಜ್ಜಿ.”

“ಹಾಗಾದ್ರೆ ಯಾಕೆ ಮಾಡುವುದು?” ಎಂದರು ಅಜ್ಜಿ. ಬಾವ ಕುಳಿತರು.

ಸಂಬಂಧ ಒಳ್ಳೆಯದು, ಅಕ್ಕನಿಗೆ ತುಂಬ ಆಸೆ ಇತ್ತು. ಹಿಂದೆ ಎರಡು ಕಡೆಯವರು ಬಂದು ನೋಡಿ ಹೋಗಿ, ಉತ್ತರವನ್ನೇ ಕೊಡದೆ ಸುಮ್ಮನಾಗಿದ್ದರು. ಆ ಎರಡು ಸಲವೂ ಅವಳು ಫೋನು ಹತ್ತಿರವೇ ಇಟ್ಟುಕೊಂಡು ವಾರಗಟ್ಟಲೆ ಕಾದದ್ದನ್ನು ನಾನು ಕಂಡಿದ್ದೇನೆ. ಮೂರನೆಯದು ನನ್ನ ರೀಸ್ಟಾರ್ಟಿನಿಂದ ತಪ್ಪಿಹೋದರೆ ಅವಳು ನನ್ನನ್ನು ಬೈಯುವುದಿಲ್ಲ, ಅದೇ ಕಷ್ಟ. ಪಕ್ಕದ ಮನೆಯಿಂದ ಕಂಪ್ಯೂಟರ್ ತರಬಹುದೇ ಎಂದು ಯೋಚಿಸಿದೆ. ಅವರು ಮನೆಗೆ ಬೀಗ ಹಾಕಿ ಮದುವೆಗೆ ಹೋಗಿದ್ದರು. ನಾನು ಸ್ಕ್ರೀನಿನ ಎದುರು ಹೋಗಿ ಮೌಸ್ ಎಂಬ ಇಲಿಯನ್ನು ಅತ್ತಿತ್ತ ಅಲ್ಲಾಡಿಸಿದೆ. ಅದರಿಂದ ಪ್ರಯೋಜನ ಇಲ್ಲ ಎಂದು ಗೊತ್ತಿತ್ತು. ಏನೋ ಮಾಡುತ್ತಿದ್ದೇನೆ ಎಂದು ಹಿಂದಿನ ಸಾಲಿಗೆ ಕಾಣಲಿ ಎಂದು.

ಸುಮತಿ ಗೋಳಿಬಜೆ, ಬಾಳೆಹಣ್ಣಿನ ಹಲ್ವ ತಂದಿಟ್ಟು ಒಳಗೆ ಹೋದಳು. ತಿನ್ನುವುದಕ್ಕಿಂತ ಬೇರೆ ದಾರಿ ಇರಲಿಲ್ಲ. ತಿನ್ನುವಾಗ ಲೀಲಕ್ಕ ಅಕ್ಕನ ಕೈಯನ್ನೇ ನೋಡಿದರು.

“ನೀವು ಬೀಡಿ ಕಟ್ಟುತ್ತಿದ್ದಿರಾ?” ಎಂದು ಕೇಳಿದರು.

ಅಕ್ಕ ಒಮ್ಮೆ ಬಾವನ ಮುಖ ನೋಡಿದಳು. ಸಂಬಂಧದ ಮಾತಿನಲ್ಲಿ ಬೀಡಿಯ ವಿಷಯ ಎತ್ತುವುದು ಬೇಡ ಎಂದು ಬಾವ ಮೊದಲೇ ಹೇಳಿದ್ದರು. “ಹೌದು, ಮದುವೆಗೆ ಮೊದಲು,” ಎಂದಳು ಮೆಲ್ಲಗೆ.

“ಆ ಬೆರಳು ನೋಡುವಾಗಲೇ ಅಂದಾಜಾಯಿತು. ನಾನೂ ಕಟ್ಟಿದ್ದು ಮಾರಾಯ್ರೆ! ನಿತಿನ್ ಹುಟ್ಟಿದ ಮೇಲೂ ಕಟ್ಟಿದ್ದೇನೆ.”

ಬೀಡಿ ಕಂಪನಿಯ ಯಾವ ಬ್ರಾಂಚಿಗೆ ಕೊಡುತ್ತಿದ್ದಿರಿ ಎಂದು ಅಕ್ಕ ಕೇಳಿದಳು. ಲೀಲಕ್ಕ ಹೇಳಿದರು. ಅದೇ ಬ್ರಾಂಚು! ಅಲ್ಲಿ ಬೀಡಿ ನೋಡಿ ತೆಗೆದುಕೊಳ್ಳಲು ಒಬ್ಬ ದಪ್ಪ ಮೀಸೆಯವನಿದ್ದ. ಒಳ್ಳೆಯ ಬೀಡಿಯ ಕಟ್ಟಿನಿಂದಲೂ ಹತ್ತು ಹದಿನೈದನ್ನು ಮುರಿದು ಬಿಸಾಡುತ್ತಿದ್ದ. ಇಬ್ಬರೂ ಅವನಿಗೆ ಕೊಟ್ಟ ಹೆಸರುಗಳು ಬೇರೆ ಬೇರೆ, ಅರ್ಥ ಒಂದೇ. ಒಮ್ಮೆ ಲೀಲಕ್ಕ ಅವನ ಕುರ್ಚಿಯ ಮೇಲೆ ಬೇಕೆಂದೇ ಅಂಟು ಇಟ್ಟು ಬಂದದ್ದಂತೆ. “ಅದು ನೀವಾ!” ಎಂದು ಅಕ್ಕ ಕೂಗಿದಳು. ಅಕ್ಕ ಹಾಗೆ ಬಾಯಿ ಬಿಟ್ಟು ನಗುವುದನ್ನು ನೋಡಿ ನನಗೆ ಎಷ್ಟೋ ವರ್ಷವಾಗಿತ್ತು. ಇಬ್ಬರೂ ಕುರ್ಚಿ ತಿರುಗಿಸಿ ಎದುರುಬದುರು ಕುಳಿತರು. ನನ್ನ ಸಿನಿಮಾ ಥಿಯೇಟರಿನ ವ್ಯವಸ್ಥೆ ಅಲ್ಲಿಗೆ ಮುರಿಯಿತು.

“ಮೂವತ್ತೈದು,” ಎಂದರು ವಾಸಣ್ಣ. ಅವರೊಬ್ಬರೇ ಸ್ಕ್ರೀನ್ ಬಿಟ್ಟಿರಲಿಲ್ಲ. ಎದುರಿನ ದಾರಿಯನ್ನು ನೋಡಿ ಅಭ್ಯಾಸವಾದ ಕಣ್ಣು. “ಒಮ್ಮೆ ಬಿಟ್ಟರೆ ಮತ್ತೆ ಹೋಗ್ತದೆ. ಗಾಡಿ ಬ್ಲಾಕ್ ಆದಾಗ ಹಾರ್ನ್ ಹಾಕಿ ಪ್ರಯೋಜನ ಇಲ್ಲ ಸುಧಾಕರಣ್ಣ, ನೀವು ಕುಳಿತುಕೊಳ್ಳಿ.” ನಾನು ಇಲಿಯನ್ನು ಬಿಟ್ಟು ಕುಳಿತೆ.

ಮೂರೂ ಐವತ್ತಕ್ಕೆ ನೂರು ಆಯಿತು. ಎಲ್ಲರೂ ನೆಟ್ಟಗೆ ಕುಳಿತರು. ಬಾವ ಶರ್ಟಿನ ಕಾಲರ್ ಸರಿ ಮಾಡಿಕೊಂಡರು. ನಾನು ಪ್ರಶ್ನೆಗಳ ಹಾಳೆ ಬಿಡಿಸಿದೆ. ಸ್ಕ್ರೀನ್ ಕಪ್ಪಾಯಿತು, ಮತ್ತೆ ನೀಲಿಯಾಯಿತು, ಚುಕ್ಕೆಗಳು ಬಂದವು, ಕೆಳಗೆ ‘ಸೊನ್ನೆ ಪರ್ಸೆಂಟ್’ ಎಂದು ಮೊದಲಿನಿಂದ ಬರೆಯಿತು. ಬಾವ ಕಾಲರನ್ನು ಮೊದಲಿನ ಹಾಗೆ ಮಾಡಿದರು.

ನಾಲ್ಕು ಗಂಟೆ ಹೊಡೆದು ಎರಡು ನಿಮಿಷಕ್ಕೆ ರಕ್ಷಿತಾ ಚಹಾದ ಟ್ರೇ ಹಿಡಿದು ಅಡುಗೆಮನೆಯಿಂದ ಬಂದಳು. ಬಂದವರಿಗೆಲ್ಲ ಕೊಟ್ಟು, ಕೊನೆಯ ಗ್ಲಾಸನ್ನು ನನಗೆ ಕೊಡುತ್ತ, “ಮಾಮ, ಅವರ ಲಂಚ್ ಟೈಮ್ ಮುಗಿಯಿತು,” ಎಂದಳು.

“ಗೊತ್ತುಂಟು ಮಗಾ,” ಎಂದೆ ದುಃಖದಿಂದ. ಆಮೇಲೆ ಹೊಳೆಯಿತು. “ಮುಗಿದದ್ದು ನಿನಗೆ ಹೇಗೆ ಗೊತ್ತು?”

“ಅವರೇ ಹೇಳಿದರು.”

ನಾನು ಗ್ಲಾಸನ್ನು ಮೇಜಿನ ಮೇಲಿಟ್ಟೆ.

“ಆ ಲಿಂಕ್ ಮೊಬೈಲಿನಲ್ಲೂ ಓಪನ್ ಆಗ್ತದೆ ಮಾಮ. ನಾನು ಅಡುಗೆಮನೆಯಿಂದ ಮಾತಾಡಿದೆ. ಅರ್ಧ ಗಂಟೆ.”

“ಮೊದಲೇ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ.”

ಬಾವನ ಮುಖ ಕೆಂಪಾಯಿತು. “ಇಲ್ಲಿ ಹಿರಿಯರೆಲ್ಲ ಕಾಯ್ತಾ ಕೂತಿರುವಾಗ ನೀನು ಒಳಗೆ—” ಎಂದು ಶುರುಮಾಡಿದರು. ಅಕ್ಕ ಲೀಲಕ್ಕನ ಮುಖ ನೋಡಿದಳು, ಲೀಲಕ್ಕ ಗಂಡನ ಮುಖ ನೋಡಿದರು, ವಾಸಣ್ಣ ಇಪ್ಪತ್ತೆರಡು ಪರ್ಸೆಂಟನ್ನು ನೋಡಿದರು. ಸಂಬಂಧ ಹೋಯಿತು ಎಂದೇ ಎಣಿಸಿದೆ. ಆಗ ಅಜ್ಜಿ ಚಹಾದ ಗ್ಲಾಸನ್ನು ಕೆಳಗಿಟ್ಟು, “ಎಂತ ಹೇಳಿದ ಅವನು?” ಎಂದು ಕೇಳಿದರು.

ರಕ್ಷಿತಾ ಅಜ್ಜಿಯ ಹತ್ತಿರ ಹೋಗಿ ಕುಳಿತಳು. “ಅಡುಗೆ ಚೆನ್ನಾಗಿ ಮಾಡ್ತಾರಂತೆ. ಆದರೆ ಪಾತ್ರೆ ತೊಳೆಯಲಿಕ್ಕೆ ಉದಾಸೀನ ಅಂತೆ. ಎರಡು ದಿನ ಹಾಗೆಯೇ ಇಡ್ತಾರಂತೆ.”

ಅಜ್ಜಿ ತಲೆಯಾಡಿಸಿದರು. “ಸುಳ್ಳು ಹೇಳಲಿಲ್ಲ. ಮತ್ತೆ?”

“ನಾನು ಲ್ಯಾಬಿನ ಕೆಲಸ ಬಿಡುವುದಿಲ್ಲ ಅಂದೆ. ಬಿಡಬೇಡಿ ಅಂದರು. ಎರಡು ವರ್ಷದಲ್ಲಿ ಊರಿಗೇ ಬರುವ ಆಲೋಚನೆ ಉಂಟಂತೆ. ಮನೆಯಲ್ಲಿ ಇನ್ನೂ ಹೇಳಲಿಲ್ಲವಂತೆ.” ಕೊನೆಯ ವಾಕ್ಯ ಬಾಯಿಯಿಂದ ಬಿದ್ದ ಮೇಲೆ ಅವಳು ನಾಲಗೆ ಕಚ್ಚಿಕೊಂಡಳು.

“ಈಗ ಹೇಳಿದ ಹಾಗಾಯಿತು,” ಎಂದು ವಾಸಣ್ಣ ಗಟ್ಟಿಯಾಗಿ ನಕ್ಕರು. ಲೀಲಕ್ಕ ಮಾತ್ರ ನಗಲಿಲ್ಲ. ಮಗ ಊರಿಗೆ ಬರುತ್ತಾನೆ ಎಂಬ ಸುದ್ದಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡು, ರಕ್ಷಿತಾಳ ಕೈ ಹಿಡಿದುಕೊಂಡು, “ನಿನಗೆ ಒಪ್ಪಿಗೆಯಾ?” ಎಂದು ಕೇಳಿದರು. ರಕ್ಷಿತಾ “ಹ್ಞೂಂ” ಎಂದಳು. ಇದೆಲ್ಲ ಇಪ್ಪತ್ತೆರಡು ಪರ್ಸೆಂಟಿನಿಂದ ನಲವತ್ತು ಪರ್ಸೆಂಟಿನ ನಡುವೆ ಆಗಿಹೋಯಿತು. ಸೋದರಮಾವ ಬಾಯಿ ತೆರೆಯಬೇಕಾದ ಸಂದರ್ಭ ಎಲ್ಲಿಯೂ ಬರಲಿಲ್ಲ.

ನಾಲ್ಕೂವರೆಯ ಹೊತ್ತಿಗೆ ಕಂಪ್ಯೂಟರಿಗೆ ಎಚ್ಚರವಾಯಿತು. ಈಗ ಯಾರಿಗೂ ಅದು ಬೇಕಾಗಿರಲಿಲ್ಲ, ಅಜ್ಜಿಯೊಬ್ಬರನ್ನು ಬಿಟ್ಟು. “ಮೊಮ್ಮಗನನ್ನು ನೋಡ್ಲಿಕ್ಕೆ ಆಗುದಿಲ್ಲವಾ?” ಎಂದು ಅವರು ಕೇಳಿದ್ದು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸಿತು. ರಕ್ಷಿತಾ ಹುಡುಗನಿಗೆ ಮೆಸೇಜು ಕಳಿಸಿದಳು. ಎರಡು ನಿಮಿಷ ಬರುತ್ತೇನೆ ಎಂದು ಉತ್ತರ ಬಂತು. ಅವಳೇ ಬಂದು, ಹೊಸ ಜಾಗಗಳಿಗೆ ಹೋಗಿ ಕುಳಿತಿದ್ದ ಗುಂಡಿಗಳನ್ನೆಲ್ಲ ಹುಡುಕಿ, ಲಿಂಕ್ ತೆರೆದಳು. ಸ್ಕ್ರೀನಿನ ತುಂಬ ಒಂದು ಹಳದಿ ಹೆಲ್ಮೆಟ್ಟು, ಅದರ ಕೆಳಗೆ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಒಂದು ಮುಖ. ಅಜ್ಜಿ ಎದ್ದು ಹೋಗಿ ಸ್ಕ್ರೀನಿನ ಕೆನ್ನೆಯ ಜಾಗಕ್ಕೆ ಕೈ ಇಟ್ಟರು. “ಸಪೂರ ಆಗಿದ್ದಿಯಲ್ಲ ಮಗಾ,” ಎಂದರು. ಹುಡುಗ ಹೆಲ್ಮೆಟ್ ತೆಗೆದ. ಸ್ಕ್ರೀನಿನ ಮೇಲೆ ಕೈಯ ಗುರುತು ಬೀಳುತ್ತದೆ ಎಂದು ನಾನು ಮನೆಯಲ್ಲಿ ಎಲ್ಲರಿಗೂ ಹೇಳುವವನು, ಅಂದು ಹೇಳಲಿಲ್ಲ.

ಇನ್ನೇನು ಕಾಲ್ ಮುಗಿಯುತ್ತದೆ ಎನ್ನುವಾಗ ಬಾವ ನನ್ನನ್ನು ಮುಂದೆ ತಳ್ಳಿ, “ನೀನು ಎಂತದೋ ಕೇಳ್ಲಿಕ್ಕೆ ಉಂಟು ಅಂದಿಯಲ್ಲ, ಕೇಳು,” ಎಂದರು. ಹಾಳೆ ಎಲ್ಲಿಯೋ ಹಲ್ವದ ತಟ್ಟೆಯ ಅಡಿಗೆ ಹೋಗಿತ್ತು. ಹನ್ನೊಂದರಲ್ಲಿ ಒಂದೂ ನೆನಪಾಗಲಿಲ್ಲ. “ವಣಸ್ ಆಂಡಾ?” ಎಂದೆ. ಊಟ ಆಯಿತಾ ಎಂದು.

“ಇಲ್ಲ ಮಾಮ,” ಎಂದ ಹುಡುಗ. “ಲಂಚ್ ಟೈಮಲ್ಲಿ ಮಾತಾಡ್ತಾ ಇದ್ದೆ.”

ರಕ್ಷಿತಾ ಖಾಲಿ ಗ್ಲಾಸುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಇದುವರೆಗೆ ಅವಳ ಕೆನ್ನೆ ಕೆಂಪಾದದ್ದನ್ನು ನಾನು ಕಂಡಿರಲಿಲ್ಲ. ಬಾವ ಆಗ ಸೋತು ಕುಳಿತು, ಉಳಿದ ಗೋಳಿಬಜೆಯನ್ನು ತಿಂದರು.

ಹೊರಡುವಾಗ ವಾಸಣ್ಣ ನನ್ನನ್ನು ಗೇಟಿನ ಬಳಿ ಬದಿಗೆ ಕರೆದರು. “ನೀವು ಬುದ್ಧಿವಂತರು ಸುಧಾಕರಣ್ಣ. ನಮ್ಮನ್ನು ಸ್ಕ್ರೀನಿನ ಎದುರು ಕಟ್ಟಿಹಾಕಿ ಮಕ್ಕಳಿಗೆ ಮಾತಾಡ್ಲಿಕ್ಕೆ ಬಿಟ್ಟಿರಿ. ಅಷ್ಟು ಸರಿಯಾಗಿ ಆ ಹೊತ್ತಿಗೇ ಅಪ್‌ಡೇಟ್ ಬರ್ತದಾ? ನನಗೆ ಅರ್ಥ ಆಗ್ತದೆ.” ನಿಜ ಹೇಳಲು ಬಾಯಿ ತೆರೆದೆ. ರಿಕ್ಷಾದವ ಹಾರ್ನ್ ಹಾಕಿದ. ನಾನು ಮುಗುಳ್ನಕ್ಕೆ, ಅಷ್ಟೆ. ಸುಳ್ಳು ಹೇಳಿದೆ ಎಂದು ಯಾರೂ ಅನ್ನುವ ಹಾಗಿಲ್ಲ.

ನಿಶ್ಚಿತಾರ್ಥ ಆಯಿತು. ವಾಸಣ್ಣ ಬಸ್ಸಿನ ತುಂಬ ಪರಿಚಯ ಇರುವ ಮನುಷ್ಯ. ನನ್ನ ಬುದ್ಧಿವಂತಿಕೆಯ ಸುದ್ದಿ ಪಡೀಲಿನಿಂದ ಬಿಜೈಗೆ ಬಂದು ಅಲ್ಲಿಂದ ಉರ್ವದ ಮಾರ್ಕೆಟಿಗೂ ಮುಟ್ಟಿತು. ಕಳೆದ ವಾರ ಬಾವನ ತಂಗಿ ಬಂದು, ಅವಳ ಮಗಳಿಗೂ ಗಲ್ಫಿನ ಹುಡುಗ, ಈ ಭಾನುವಾರ ನಿಮ್ಮ ಮನೆಯಲ್ಲೇ ಆಗಲಿ, “ಆ ದಿನ ಮಾಡಿದ ಹಾಗೆಯೇ ಮಾಡಬೇಕು ಸುಧಾಕರಣ್ಣ,” ಎಂದು ಕೇಳಿಕೊಂಡು ಹೋದಳು. ನಾನು ಒಪ್ಪಿಕೊಂಡೆ. ಸೋಮವಾರದಿಂದ ದಿನಾ ಬೆಳಿಗ್ಗೆ ಕಂಪ್ಯೂಟರಿನ ಎದುರು ಕುಳಿತು, ಅಪ್‌ಡೇಟ್ ಇದೆಯೇ ನೋಡು, ಇದೆಯೇ ನೋಡು ಎಂದು ಒತ್ತುತ್ತಿದ್ದೇನೆ. ಅದು ಪ್ರತಿ ಸಲವೂ ಹಸಿರು ಗುರುತು ಹಾಕಿ, ನಿಮ್ಮ ಕಂಪ್ಯೂಟರಿಗೆ ಸದ್ಯ ಯಾವ ಅಪ್‌ಡೇಟಿನ ಅಗತ್ಯವೂ ಇಲ್ಲ ಎನ್ನುತ್ತದೆ.

ನಿನ್ನೆ ಈ ಸಂಕಟವನ್ನು ಸುಮತಿಗೆ ಹೇಳಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. “ಅಪ್‌ಡೇಟ್ ಯಾಕೆ?” ಎಂದಳು. “ಆ ಅರ್ಧ ಗಂಟೆ ನೀವು ಮನೆಯಲ್ಲಿ ಇರದಿದ್ದರೆ ಸಾಕಲ್ಲ. ಬಂದವರನ್ನೂ ಕರೆದುಕೊಂಡು ಮಾರ್ಕೆಟಿಗೆ ಹೋಗಿ ಬನ್ನಿ.”

ಭಾನುವಾರ ಮಧ್ಯಾಹ್ನ ಮೂರೂವರೆಗೆ ಮಾರ್ಕೆಟಿನಲ್ಲಿ ನೋಡುವಂಥ ಮೀನು ಒಂದೂ ಇರುವುದಿಲ್ಲ. ಆದರೂ ಚೀಲ ತೊಳೆದು ಒಣಹಾಕಿದ್ದೇನೆ.